ಕರಡಿಗೆ ತರಲು ಹೋದ ರಾತ್ರಿ

ಮಿಲಿಟರಿಯವರು ಹರಾಜು ಹಾಕಿದ ಹಳೆಯ ಮೋಟಾರ್ ಸೈಕಲ್ಲೊಂದನ್ನು ನಮ್ಮವರು ಸೊರಬದ ಮನೆಗೆ ತಂದು ನಿಲ್ಲಿಸಿದಾಗ ನನ್ನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಆಗಿನ್ನೂ ಐವತ್ತರ ದಶಕ ಮುಗಿದಿರಲಿಲ್ಲ. ಅದು ಹೊರಡುವ ಸದ್ದಿಗೆ ಕೇರಿಯ ದನಗಳೆಲ್ಲ ಹಗ್ಗ ಜಗ್ಗುತ್ತಿದ್ದವು. ಅತ್ತೆ ಅದನ್ನು ಫಟಫಟಿ ಎಂದು ಕರೆದು, ಕರೆಯುವಾಗಲೇ ಮೂಗು ಮುರಿಯುತ್ತಿದ್ದರು. ಮಗ ಅದನ್ನು ಹತ್ತಿ ಭತ್ತ ನೋಡಲು ಜಡೆ ಊರಿನ ಕಡೆಗೆ ಹೋಗಿಬರುವುದನ್ನು ಹೇಗೋ ಸಹಿಸಿಕೊಂಡಿದ್ದರು. ಸೊಸೆ ಮಾತ್ರ ಹತ್ತಕೂಡದು. ಹತ್ತಿದರೆ ಬೀಳದಿರಲು ಗಂಡನನ್ನು ಹಿಡಿದುಕೊಳ್ಳಲೇಬೇಕು. ಊರವರ ಕಣ್ಣೆದುರು ಹೆಂಡತಿ ಗಂಡನ ಹೆಗಲು ಹಿಡಿದು ಹೋದರೆ ಮನೆತನದ ಮರ್ಯಾದೆ ಏನಾಗಬೇಕು ಎಂಬುದು ಅವರ ತಕರಾರು. ನಾನು ಅದರ ಧೂಳು ಒರೆಸುವುದರಲ್ಲೇ ತೃಪ್ತಿಪಟ್ಟುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಅತ್ತೆ ಶಿಕಾರಿಪುರದ ತಮ್ಮ ತಂಗಿಯ ಮನೆಗೆ ಹೋಗಿದ್ದವರು ಅಲ್ಲಿ ವಾಂತಿಭೇದಿ ಹಿಡಿದು ಮಲಗಿದ್ದರು. ಸ್ವಲ್ಪ ಚೇತರಿಸಿಕೊಂಡದ್ದೇ ತಡ, ಯಾರ ಮಾತೂ ಕೇಳದೆ ಬಸ್ಸು ಹತ್ತಿ ಬಂದುಬಿಟ್ಟರು. ಕಣ್ಣು ಗುಳಿಬಿದ್ದಿದ್ದವು, ತುಟಿ ಒಡೆದಿತ್ತು. ಗಳಿಗೆಗೊಮ್ಮೆ ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸುತ್ತಿರಬೇಕು, ನೀರು ತಪ್ಪಿದರೆ ಜೀವಕ್ಕೆ ಕುತ್ತು ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಪೂಜೆಗೆ ಕೂತು ಎದೆಯ ಮೇಲೆ ಕೈಯಾಡಿಸಿದರು. ರುದ್ರಾಕ್ಷಿ ಸರ ಇತ್ತು, ಲಿಂಗವಿಟ್ಟು ಕೊರಳಿಗೆ ಕಟ್ಟುವ ಬೆಳ್ಳಿ ಕರಡಿಗೆ ಇರಲಿಲ್ಲ. ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಶಿವದಾರ ಸವೆದಿದೆಯೆಂದು ಹೊಸದು ಪೋಣಿಸಲು ಕರಡಿಗೆಯನ್ನು ತಂಗಿಯ ಮನೆಯ ದೇವರ ಗೂಡಿನಲ್ಲಿ ಇಟ್ಟಿದ್ದರಂತೆ. ಅಷ್ಟರಲ್ಲಿ ಬಸ್ಸು ಹೊರಡುತ್ತದೆಂದು ಯಾರೋ ಕೂಗಿದರಂತೆ. ಅವರು ಅಳಲಿಲ್ಲ. ದಾರಿಯಲ್ಲಿ ಲಿಂಗವಿಲ್ಲದ ಮೈಯಲ್ಲಿ ನೀರು ಕುಡಿದೆನಲ್ಲ ಎಂದಷ್ಟೇ ಹೇಳಿ ಗೋಡೆಗೆ ಒರಗಿದರು. ನಾನು ಲೋಟ ಹಿಡಿದು ಹೋದರೆ ಕೈ ಅಡ್ಡ ಹಿಡಿದರು. ಲಿಂಗಕ್ಕೆ ತೋರಿಸದ ಹನಿಯೂ ಗಂಟಲಿಗೆ ಇಳಿಯಬಾರದು. ಕಾಯಿಲೆಯವರಿಗೆ ದೋಷವಿಲ್ಲ ಎಂದು ಮಗ ವಾದಿಸಿ ಸೋತರು. ಬೆಳಗಿನ ಬಸ್ಸಿನಲ್ಲಿ ಹೋಗಿ ತರುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ. ಅಲ್ಲಿಯವರೆಗೆ ಈ ಜೀವ ತಡೆಯುತ್ತದೆಯೇ?

ನಮ್ಮವರು ಮೋಟಾರ್ ಸೈಕಲ್ ಹೊರಗೆ ತಂದರು. ತೊಂದರೆ ಇದ್ದದ್ದು ಅದರ ದೀಪದಲ್ಲಿ. ಎಂಜಿನ್ ಜೋರಾಗಿ ಓಡಿದರೆ ಉರಿಯುತ್ತಿತ್ತು, ನಿಧಾನವಾದರೆ ಕಂದುತ್ತಿತ್ತು. ಗುಂಡಿ ಬಂತೆಂದು ನಿಧಾನ ಮಾಡಿದಿರೋ, ಗುಂಡಿಯೇ ಕಾಣಿಸದು. ಹಿಂದೆ ಕೂತು ಬ್ಯಾಟರಿ ಲೈಟು ಹಿಡಿಯಲು ಒಬ್ಬರು ಬೇಕಿತ್ತು. ಕರಡಿಗೆಯನ್ನು ಮಡಿಯಿಂದ ತರಲೂ ಒಬ್ಬರು ಬೇಕಿತ್ತು. ಎರಡಕ್ಕೂ ನಾನೇ ಆದೆ. ಪಕ್ಕದ ಮನೆಯ ಹಿರಿಯಾಕೆಯನ್ನು ಅತ್ತೆಯ ಬಳಿ ಕೂರಿಸಿ, ನಾನು ಸೀರೆ ಬಿಗಿದುಕೊಂಡು ಒಂದೇ ಕಡೆ ಕಾಲು ಇಳಿಬಿಟ್ಟು ಕೂತಾಗ ಅತ್ತೆ ಮುಖ ಆಚೆ ತಿರುಗಿಸಿದರು. ಬೇಡ ಎನ್ನಲಿಲ್ಲ.

ಊರು ದಾಟಿದ ಮೇಲೆ ನನಗಾದದ್ದನ್ನು ಮುಚ್ಚಿಡುವುದೇಕೆ, ಖುಷಿಯೇ ಆಯಿತು. ಹಗಲೆಲ್ಲ ಕುದಿದ ನೆಲದ ಮೇಲೆ ಗಾಳಿ ತಣ್ಣಗಿತ್ತು. ಕೆರೆಯ ಏರಿ ಬಂದಾಗ ನೀರಿನ ವಾಸನೆ, ಬಯಲು ಬಂದಾಗ ಒಣ ಹುಲ್ಲಿನದು. ಕಣ್ಣಿಗೆ ಕಾಣದ ದಾರಿಯನ್ನು ಮೂಗು ಹೇಳುತ್ತಿತ್ತು. ಬಲಗೈಯಲ್ಲಿ ಲೈಟನ್ನು ಅವರ ಹೆಗಲ ಮೇಲಿಂದ ಮುಂದಕ್ಕೆ ಹಿಡಿದಿದ್ದೆ, ಎಡಗೈಯಲ್ಲಿ ಅವರ ಅಂಗಿ ಹಿಡಿದಿದ್ದೆ. ಶಿರಾಳಕೊಪ್ಪದ ಹತ್ತಿರ ಎದುರಿಗೆ ಸಾಲುಗಾಡಿಗಳು ಬಂದವು. ಗಾಡಿಯವರು ಮಲಗಿದ್ದರು, ಎತ್ತುಗಳ ಕಣ್ಣು ಮಾತ್ರ ಹೊಳೆಯುತ್ತಿದ್ದವು. ಎತ್ತು ಬೆದರದಿರಲೆಂದು ಎಂಜಿನ್ ನಿಲ್ಲಿಸಿ, ಕೊನೆಯ ಗಾಡಿಯ ಗಂಟೆ ದೂರವಾಗುವವರೆಗೆ ಕತ್ತಲಲ್ಲಿ ನಿಂತೆವು. ಹೆದರಿಕೆಯಾಗುತ್ತದೆಯೇ ಎಂದು ಅವರು ಕೇಳಿದರು. ಅತ್ತೆಯ ನೆನಪಾಗಿ, ಬೇಗ ಹೋಗೋಣ ಎಂದೆ.

ಶಿಕಾರಿಪುರದಲ್ಲಿ ಚಿಕ್ಕತ್ತೆ ಎದ್ದೇ ಇದ್ದರು. ಕರಡಿಗೆ ಕಂಡದ್ದೇ ಅದರ ಮುಂದೆ ದೀಪವಿಟ್ಟು, ಬೆಳಿಗ್ಗೆ ಕಳಿಸುವುದು ಹೇಗೆಂದು ಚಡಪಡಿಸುತ್ತಿದ್ದರು. ನಮ್ಮವರು ಅದನ್ನು ಷರಾಯಿ ಜೇಬಿಗಿಳಿಸುವ ಮಾತಾಡಿ ಚಿಕ್ಕತ್ತೆಯಿಂದ ಚೆನ್ನಾಗಿ ಬೈಸಿಕೊಂಡರು. ಲಿಂಗ ಸೊಂಟದಿಂದ ಕೆಳಗೆ ಇಳಿಯಕೂಡದಲ್ಲ. ನಾನು ತಣ್ಣೀರು ಸುರಿದುಕೊಂಡು, ಮಡಿಯುಟ್ಟು, ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ನನ್ನ ಲಿಂಗದ ಪಕ್ಕದಲ್ಲೇ ಅತ್ತೆಯದೂ ತೂಗಿತು. ಗಂಟು ಜಾರಿದರೆ ಗತಿಯೇನೆಂದು ಎಡಗೈಯಲ್ಲಿ ಎರಡನ್ನೂ ಎದೆಗೆ ಒತ್ತಿ ಹಿಡಿದೆ. ಬಲಗೈಯಲ್ಲಿ ಲೈಟು. ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲವೆಂಬುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಸೊರಬ ಇನ್ನೇನು ಸಮೀಪಿಸಿತು ಎನ್ನುವಾಗ ಮೋರಿಯೊಂದರ ಬಳಿ ರಸ್ತೆ ಕಿತ್ತುಹೋಗಿತ್ತು. ಅವರು ನಿಧಾನ ಮಾಡಿದರು, ದೀಪ ಕಂದಿತು, ನನ್ನ ಬ್ಯಾಟರಿ ಲೈಟೂ ಮಂಕಾಗಿತ್ತು. ಗಾಡಿ ಎತ್ತಿ ಕುಕ್ಕಿದ ಹೊಡೆತಕ್ಕೆ ನಾನು ಸೀಟಿನಿಂದ ಅರ್ಧ ಜಾರಿದೆ. ಕಾಲು ಗಾಳಿಯಲ್ಲಿ ಒದ್ದಾಡಿ ಒಂದು ಚಪ್ಪಲಿ ಹಾರಿಹೋಯಿತು. ಎಡಗೈ ಮಾತ್ರ ಎದೆಯಿಂದ ಅಲುಗಲಿಲ್ಲ. ಮುಂದಿನ ಕುಲುಕಿಗೆ ಹೇಗೋ ಮತ್ತೆ ಸೀಟಿನ ಮೇಲೆ ಬಿದ್ದೆ. ಚಪ್ಪಲಿಗಾಗಿ ನಿಲ್ಲಿಸುವುದು ಬೇಡವೆಂದು ಉಸಿರೆತ್ತಲಿಲ್ಲ.

ಬಂದು ನೋಡಿದರೆ ಅತ್ತೆ ಹೊರಗಿನ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ನಾವು ಹೋದಾಗಿನಿಂದ ಅಲ್ಲೇ ಕೂತು ಒಳಗೆ ಬರಲೇ ಒಪ್ಪಲಿಲ್ಲವಂತೆ, ದೂರದಲ್ಲಿ ಏನು ಸದ್ದಾದರೂ ಫಟಫಟಿಯೇ ಎಂದು ಕೇಳುತ್ತಿದ್ದರಂತೆ. ನಾನು ಗಂಟು ಬಿಚ್ಚುವಾಗ ಅವರ ಕಣ್ಣು ನನ್ನ ಬರಿಗಾಲಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡರು. ನಾವಿಬ್ಬರೂ ಹಿಡಿದು ಒಳಗೆ ಕೂರಿಸಿದೆವು. ಪೂಜೆ ಮುಗಿಸಿ, ತೀರ್ಥ ತಗೊಂಡು, ನಾನು ಕೊಟ್ಟ ನೀರನ್ನು ಲಿಂಗಕ್ಕೆ ತೋರಿಸಿ ಗುಟುಕು ಗುಟುಕಾಗಿ ಕುಡಿದರು. ಲೋಟ ಬರಿದಾದಾಗ ನನಗೆ ಅಳು ಬಂತು.

"ಚಪ್ಪಲಿ ಎಲ್ಲಿ ಬಿತ್ತು?" ಎಂದರು ಅತ್ತೆ.

ಮೋರಿಯ ವಿಷಯ ಹೇಳಿದೆ.

"ಆವಾಗ ಏನು ಹಿಡ್ಕಂಡಿದ್ದೆ?"

ಒಂದು ಕೈಯಲ್ಲಿ ಲೈಟು, ಒಂದು ಕೈಯಲ್ಲಿ ಕರಡಿಗೆ ಎಂದೆ. ಅತ್ತೆ ನನ್ನ ಕೈಗಳನ್ನೇ ನೋಡಿದರು.

"ಅದು ಹೋಗಿದ್ರೆ ಗುರುಗಳ ಕಾಲಿಗೆ ಬಿದ್ದು ಇನ್ನೊಂದು ಕಟ್ಟಿಸ್ಕತಿದ್ದೆ. ನೀನು ಹೋಗಿದ್ರೆ ನಿಮ್ಮವ್ವನ ಮುಂದೆ ನಾ ಹೆಂಗೆ ನಿಲ್ಲಲಿ?"

ಅಂದು ಸಂಜೆಯಿಂದ ಹನಿ ನೀರು ಮುಟ್ಟದೆ ಕೂತಿದ್ದ ಬಾಯಿಂದಲೇ ಈ ಮಾತು ಬಂತು. ನಾನು ಲೋಟಕ್ಕೆ ಮತ್ತೆ ನೀರು ತುಂಬಿದೆ.

ಅವರು ಪೂರಾ ಗುಣವಾದ ಮೇಲೆ ಒಂದು ದಿನ ನಾವು ನನ್ನ ತವರಿಗೆ ಹೊರಟೆವು. ಒಳ್ಳೆ ಬೆಳಗಿನ ಹೊತ್ತು, ಕೇರಿಯ ಹೆಂಗಸರೆಲ್ಲ ಬಾಗಿಲಲ್ಲೇ ಇದ್ದರು. ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದೆ. ಅತ್ತೆ ಮೆಟ್ಟಿಲಿಳಿದು ಬೀದಿಗೇ ಬಂದರು. ನನ್ನ ಎರಡೂ ಕೈ ಎತ್ತಿ ತಮ್ಮ ಮಗನ ಹೆಗಲ ಮೇಲಿಟ್ಟು, ಕೇರಿಗೆಲ್ಲ ಕೇಳುವಂತೆ, "ಬಿಡಬ್ಯಾಡ, ಗಟ್ಟಿಯಾಗಿ ಹಿಡ್ಕ" ಎಂದರು.