ಬಬಲೇಶ್ವರದ ಝಬಲಾ

ಬೆಳಿಗ್ಗೆ ತಿಕೋಟಾದ ಒಂದು ಸಾಲಿಯ ಪರೀಕ್ಷೆ ಮುಗಿಸಿ ಬಬಲೇಶ್ವರಕ್ಕೆ ಬರುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತ್ತು. ಹತ್ತನೇ ತರಗತಿಯ ಹೊಲಿಗೆ ವಿಷಯದ ಪ್ರಾಯೋಗಿಕ ಪರೀಕ್ಷೆಗೆ ನಾನು ಹೊರಗಿನ ಪರೀಕ್ಷಕಿ. ಮಕ್ಕಳು ಝಬಲಾ, ಅಂದರೆ ಕೂಸಿನ ಸಡಿಲ ಅಂಗಿ, ಹೊಲಿಯಬೇಕು. ಅದಕ್ಕೂ ಮೊದಲು ಅಳತೆ ಹಾಕಿ ಖಾಕಿ ಕಾಗದದ ಮೇಲೆ ಅದರ ನಕ್ಷೆ ಬರೆಯಬೇಕು.

ಶಬಾನಾ ಎಂಬ ಹುಡುಗಿ ಕಾಗದ ಮುಟ್ಟದೆ ನೇರವಾಗಿ ಅರಿವೆಗೆ ಕತ್ತರಿ ಹಾಕಿ, ಎಲ್ಲರಿಗಿಂತ ಮೊದಲು ಹೊಲಿದು ತಂದಿಟ್ಟಳು. ಹೊಲಿಗೆಯಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

“ನಕ್ಷೆ ಎಲ್ಲೈತವಾ?”

“ನಮ್ಮ ಅಮ್ಮಿ ಗೇಣಿಲೆ ಅಳದ ಕತ್ತರಸ್ತಾಳ್ರಿ. ನನಗೂ ಹಂಗ ರೂಢಿ ಆಗೈತ್ರಿ.”

“ನಕ್ಷೆ ಇಲ್ಲಂದ್ರ ನಾಪಾಸ್ ಆಗ್ತಿ ನೋಡು.”

ಅವಳು ಅಳಲಿಲ್ಲ. “ಝಬಲಾ ಬರೋಬ್ಬರಿ ಐತಲ್ರಿ ಮೇಡಂ, ಮತ್ತ ನಾಪಾಸ್ ಯಾಕ್ರಿ?” ಎಂದಳು.

ಇಷ್ಟು ವರ್ಷ ಇದೇ ನಕ್ಷೆ ಕಲಿಸಿ ಬೇಸತ್ತ ನಾನು, ಮನೆಯಲ್ಲಿ ಹೊಲಿಯುವಾಗ ಒಮ್ಮೆಯೂ ಅದನ್ನು ಬರೆದವಳಲ್ಲ.

“ಇನ್ನೂ ಟೈಮ್ ಐತೇನ್ರಿ?”

“ಇಪ್ಪತ್ತು ನಿಮಿಷ ಐತಿ.”

ಅವಳು ಝಬಲಾ ಎತ್ತಿಕೊಂಡು ತನ್ನ ಜಾಗಕ್ಕೆ ಹೋದಳು. ಕಾಗದದ ಮೇಲೆ ಅದನ್ನು ಹಾಸಿ ಸುತ್ತಲೂ ಗೆರೆ ಎಳೆದಳು. ಹೊಲಿಗೆಗೆಂದು ಬಿಡುವ ಅರ್ಧ ಇಂಚನ್ನೂ ಮರೆಯದೆ ಸೇರಿಸಿ, ಟೇಪು ಹಿಡಿದು ಒಂದೊಂದೇ ಅಳತೆ ಬರೆದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ನಕ್ಷೆಗೆ ಪೂರ್ತಿ ಅಂಕ ಕೊಟ್ಟೆ. ಯಾವುದು ಮೊದಲು ಆಯಿತು ಎಂದು ಬರೆಯುವ ಕಾಲಂ ಅಂಕಪಟ್ಟಿಯಲ್ಲಿ ಇರಲಿಲ್ಲ. ಇದ್ದಿದ್ದರೂ ಅದನ್ನು ತುಂಬುವ ತ್ರಾಣ ಅವತ್ತು ನನ್ನಲ್ಲಿ ಉಳಿದಿರಲಿಲ್ಲ.