ಶಿರಾದ ಬಾಯ್ಲರಿಗೆ ಮತ್ತೆ ಹಚ್ಚಿದ ಬೆಂಕಿ

ಶಿರಾದ ಉಣ್ಣೆ ಶೆಡ್ಡಿನ ಹೊಸ ಬಾಯ್ಲರು ಸುಟ್ಟದ್ದು ಉಣ್ಣೆ ತೊಳೆಯುವ ರಂಗಮ್ಮನ ಮುಂಗೈಯನ್ನು. ಅದನ್ನು ತರಿಸಿದವರ ಅಂಗಿಗೆ ಮಸಿಯೂ ತಾಗಲಿಲ್ಲ. ಸಾಲದೆಂಬಂತೆ, ಆಕೆಯ ಕೈಗುಣವೇ ಕೆಟ್ಟದ್ದೆಂದು ಕೆಲಸದಿಂದ ಬಿಡಿಸಿದರು.

ತಪ್ಪು ಯಾರದೆಂದು ಕಣ್ಣಾರೆ ಕಂಡು ಬರೆಯಲು ಕೊರಟಗೆರೆಯಿಂದ ಬೆಳಗಿನ ಬಸ್ಸು ಹಿಡಿದೆ. ಎಣ್ಣೆ ಬರ್ನರುಗಳ ಕೆಲಸ ಕಲಿತ ಫಿಟ್ಟರ್ ಅನ್ವರ್ ಸಾಬರು ಜೊತೆಗಿದ್ದರು. ಮಧುಗಿರಿಯಲ್ಲಿ ಬಸ್ಸು ಬದಲಿಸುವಾಗಲೇ ಬೆಟ್ಟದ ಬಂಡೆ ಕಾದಿತ್ತು. ಹೋಟೆಲಿನಲ್ಲಿ ಇಡ್ಲಿ ಮುಗಿದು ತಣ್ಣನೆಯ ಉಪ್ಪಿಟ್ಟು ಉಳಿದಿತ್ತು. ಮುಂದಿನದು ಕಡಲೆಕಾಯಿ ಹೊಲಗಳ ನಡುವಿನ ಧೂಳಿನ ದಾರಿ. ನಮ್ಮ ಕೆಲಸ ಕೇಳಿದ ಸಹಪ್ರಯಾಣಿಕನೊಬ್ಬ ನಕ್ಕ: "ನೀರ್ ಕಾಯ್ಸಕ್ಕೂ ಮಿಶಿನ್ನಾ ಸ್ವಾಮಿ? ನಮ್ಮನೆ ಹಂಡೆ ಯಾವತ್ತೂ ಮಕಕ್ಕೆ ಹಾರಿಲ್ಲ."

ಶೆಡ್ಡಿನ ಮ್ಯಾನೇಜರ್ ಸಿದ್ದಪ್ಪ ನಮ್ಮನ್ನು ಅನುಮಾನದಿಂದಲೇ ಒಳಗೆ ಬಿಟ್ಟರು. ಹೇಳಿ ಕಳುಹಿಸಿದ ಮೇಲೆ ರಂಗಮ್ಮ ಬಂದಳು. ಕೈಗೆ ಇನ್ನೂ ಬಟ್ಟೆ ಸುತ್ತಿತ್ತು.

"ಪೂಜೆ ದಿನ, ಹಿರೇಳು ಅಂತ ನನ್ ಕೈಲೇ ಹಚ್ಚಿಸಿದ್ರು ಸ್ವಾಮಿ. ಕರ್ಪೂರ ಹಿಡಿದೆ, ಹತ್ಕೊಂಡು ಆರೋಯ್ತು. ಪೂಜೆ ಬೆಂಕಿ ಆರ್ಬಾರ್ದು, ಬೇಗ ಹಚ್ಚು ಕಣಮ್ಮ ಅಂತ ಎಲ್ರೂ ಕೂಗಿದ್ರು. ಇನ್ನೊಂದು ಕರ್ಪೂರ ಹಿಡಿದೆ ನೋಡಿ, ಬುಸ್ಸಂತ ಬಂದ್ಬುಡ್ತು."

"ಏನೇ ಹೇಳಿ, ಕೈಗುಣ ಅನ್ನೋದು ಇರ್ತದೆ," ಎಂದರು ಸಿದ್ದಪ್ಪ.

"ಬೆಂಕಿ ಆರಿದಾಗ ಎಣ್ಣೆ ನಿಲ್ಸಿದ್ರಾ ಸಾಹೇಬ್ರೆ?" ಎಂದು ಅನ್ವರ್ ಸಾಬರು ಕೇಳಿದರು. ಸಿದ್ದಪ್ಪ ಇಲ್ಲವೆಂದು ತಲೆಯಾಡಿಸಿದರು. "ಒಳಗೆ ಎಣ್ಣೆ ಆವಿ ತುಂಬಿತ್ತು. ನಿಮ್ ಕೈ ಇಟ್ಟಿದ್ರೂ ಅದೇ ಗುಣ."

ಆಮೇಲೆ ಅವರು ಬಾಯ್ಲರಿನ ನೀರಿನ ಮಟ್ಟ ನೋಡಿದರು. ಒತ್ತಡ ಹೆಚ್ಚಿದರೆ ತಾನೇ ತೆರೆಯುವ ಸುರಕ್ಷತಾ ಕವಾಟವನ್ನು ಎತ್ತಿ ಪರೀಕ್ಷಿಸಿದರು. ಚಿಮಣಿ ಕಟ್ಟಿಲ್ಲವೆಂದು ಖಚಿತಪಡಿಸಿಕೊಂಡರು. ಬರ್ನರಿಗೆ ಗಾಳಿ ಊದುವ ಫ್ಯಾನಿನ ಗಾಳಿಬಾಗಿಲು ಪೂರ್ತಿ ತೆರೆದೇ ಇತ್ತು. ಆ ಬಿರುಗಾಳಿಗೆ ಎಳೆಯ ಜ್ವಾಲೆ ನಿಲ್ಲುವುದಾದರೂ ಹೇಗೆ? ಎಣ್ಣೆ ಮುಚ್ಚಿಟ್ಟು, ಬರಿಯ ಗಾಳಿಯನ್ನೇ ಬಹಳ ಹೊತ್ತು ಊದಿಸಿ, ಆಮೇಲೆ ಗಾಳಿಬಾಗಿಲನ್ನು ಕಿರಿದು ಮಾಡಿದರು. ಬಳಿಕ ಉದ್ದನೆಯ ಕಬ್ಬಿಣದ ಪಂಜನ್ನು ಹೊತ್ತಿಸಿ ರಂಗಮ್ಮನತ್ತ ಚಾಚಿದರು.

"ಅವಳ ಕೈಲಿ ಬ್ಯಾಡ," ಎಂದರು ಸಿದ್ದಪ್ಪ.

"ಅವರ ಕೈಲೇ ಆಗ್ಬೇಕು. ಅಮ್ಮಾ, ಬೆಂಕಿ ಹಚ್ಚೋ ಕಿಂಡಿ ಎದುರಿಗೆ ನಿಲ್ಬೇಡಿ, ಪಕ್ಕಕ್ಕೆ ಬನ್ನಿ. ಮೊದ್ಲು ಪಂಜು, ಆಮೇಲೆ ಎಣ್ಣೆ."

ರಂಗಮ್ಮ ಪಂಜು ಹಿಡಿದು ಎಣ್ಣೆಯ ತಿರುಪು ಬಿಟ್ಟಳು. ಜ್ವಾಲೆ ಹತ್ತಿತು, ನಡುಗಿತು, ಆರಿತು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಕೆಲಸದ ಹೆಂಗಸರು, "ಹಚ್ಚೇ, ಬೇಗ ಹಚ್ಚೇ," ಎಂದರು. ರಂಗಮ್ಮ ಪಂಜನ್ನು ಹಿಂದಕ್ಕೆಳೆದು ಎಣ್ಣೆಯ ತಿರುಪನ್ನು ಬಿಗಿಯಾಗಿ ಮುಚ್ಚಿದಳು.

"ಆರಿದ್ರೆ ಆರ್ಲಿ ಬುಡ್ರೇ. ಮೊದ್ಲು ಅದು ಉಸಿರಾಡ್ಕಳ್ಳಿ."

ಗಾಳಿ ಒಳಗನ್ನು ತೊಳೆಯುವವರೆಗೆ ಎಲ್ಲರೂ ಕಾದರು. ಅನ್ವರ್ ಸಾಬರು ಗಾಳಿಬಾಗಿಲನ್ನು ಇನ್ನಷ್ಟು ಕಿರಿದು ಮಾಡಿದರು. ರಂಗಮ್ಮ ಮತ್ತೆ ಪಂಜು ಹಿಡಿದಳು; ಈ ಸಲ ಜ್ವಾಲೆ ನಿಂತಿತು. ನಾನು ಹೊರಗೆ ನಿಂತು ಚಿಮಣಿಯ ಹೊಗೆಯ ಬಣ್ಣವನ್ನು ಕೂಗಿ ಹೇಳುತ್ತಿದ್ದೆ: ಕಪ್ಪೆಂದಾಗ ಅವರು ಗಾಳಿಯನ್ನು ತುಸು ಹೆಚ್ಚಿಸಿದರು. ಹೊಗೆ ತಿಳಿಯಾಗಿ, ಕೊನೆಗೆ ಕಾಣಿಸದಷ್ಟು ತೆಳುವಾಯಿತು. ತೊಟ್ಟಿಗೆ ಬಿಸಿನೀರು ಬಂದಾಗ ರಂಗಮ್ಮ ಎಡಗೈ ಅದ್ದಿ ನೋಡಿದಳು. ಸಿದ್ದಪ್ಪನವರ ಕಡೆಗೆ ನೋಡಲಿಲ್ಲ.

ಹಿಂತಿರುಗುವ ಬಸ್ಸಿನಿಂದಲೂ ಆ ಚಿಮಣಿ ಕಾಣುತ್ತಿತ್ತು. ಶೆಡ್ಡಿನ ಮಾಲೀಕರೇ, ತಿಳಿದವರಿಲ್ಲದೆ ಬರ್ನರ್ ಹಚ್ಚಿಸಿದ್ದು ನಿಮ್ಮ ತಪ್ಪು. ಕೈ ಸುಟ್ಟುಕೊಂಡವಳ ಮೇಲೆಯೇ ದೋಷ ಹೊರಿಸಿದ್ದು ಅದಕ್ಕಿಂತ ದೊಡ್ಡದು. ಬರುವ ಸೋಮವಾರ ರಂಗಮ್ಮನನ್ನು ಕೆಲಸಕ್ಕೆ ಕರೆಯಿರಿ, ತಪ್ಪಿದ ದಿನಗಳ ಕೂಲಿ ಕೊಡಿ, ಮತ್ತು ಆಕೆಯ ಕೈಯಲ್ಲಿ ದೋಷವಿರಲಿಲ್ಲವೆಂದು ಆ ಹೆಂಗಸರ ಎದುರಿಗೆ ನಿಮ್ಮ ಬಾಯಿಂದಲೇ ಹೇಳಿರಿ.