ಸಾವಿನ ಮನೆಯ ಮೂರು ಥರ್ಮಾಸು

ಗೆಳೆಯರೇ, ಇಂದು ಬೆಳಿಗ್ಗೆ ಸೋನ್ಯಾಳದಲ್ಲಿ ನಮ್ಮ ಪಕ್ಕದ ಮನೆಯ ಶಿವಪ್ಪ ಕಾಕಾನನ್ನು ಮಣ್ಣು ಮಾಡಿ ಬಂದೆವು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಚಹಾ ಓಣಿಯವರೇ ತರಬೇಕು. ಹಾಗಾಗಿ ಕಟ್ಟೆಯ ಮೇಲೆ ಮೂರು ಥರ್ಮಾಸು ಬಂದು ಕೂತವು. ನಮ್ಮ ಮನೆಯದು ನಿಂಬೆ ವಾಸನೆಯ ಹುಲ್ಲು ಕುದಿಸಿದ ಗವತಿ ಚಹಾ. ದಸ್ತಗೀರ್ ಮಾಮಾನದು ಶುಂಠಿ ಹಾಕಿದ ಕರಿ ಚಹಾ. ನಿವೃತ್ತ ಮಾಸ್ತರರದು ತುಳಸಿ ಕಷಾಯ.

ಮೊದಲ ಕಪ್ಪನ್ನು ಎಲ್ಲರೂ ಊದಿ ಊದಿ ಕುಡಿದರು. ಎರಡನೆಯದಕ್ಕೆ ನಾಲಿಗೆ ಸಡಿಲವಾಯಿತು.

“ತುಳಸಿದು ಔಷಧ ಕುಡದಂಗ ಆಗ್ತೈತಿ ನೋಡ್ರಿ,” ಎಂದರು ದಸ್ತಗೀರ್ ಮಾಮಾ.

“ನಿಮ್ಮದು ಗಂಟಲಾ ಸುಡ್ತೈತಲ್ರಿ,” ಎಂದರು ಮಾಸ್ತರರು, ಮುಖ ಗಂಟಿಕ್ಕಿ.

ನಾನೂ ಬಿಡಲಿಲ್ಲ. “ಗವತಿ ಕುಡದು ಹೇಳ್ರಿ. ನಮ್ಮ ಹಿತ್ತಲದಾಗಿಂದು, ಮುಂಜಾನಿ ಕೊಯ್ದದ್ದು.”

ಮಾಸ್ತರರಿಗೆ ತೀರ್ಪು ಬೇಕೇ ಬೇಕಾಗಿತ್ತು. ಬಾಗಿಲಲ್ಲಿ ಕೂತಿದ್ದ ಕಾಕಾನ ಹೆಂಡತಿ ಗಂಗವ್ವ ಕಾಕುವಿಗೆ ಮೂರನ್ನೂ ಒಂದೊಂದು ಗುಟುಕು ಬಗ್ಗಿಸಿ ಕೊಟ್ಟು, “ಗಂಗಕ್ಕಾ, ನೀವಽ ಹೇಳ್ರಿ, ಯಾವ್ದು ಚಲೋ ಐತಿ?” ಎಂದರು.

ಕಾಕು ಮೂರನ್ನೂ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಎಲ್ಲಾ ಚಲೋ ಅದಾವ್ರಿ. ಡಾಕ್ಟರ್ ಬ್ಯಾಡ ಅಂದಾರಂತ ಮೂರು ತಿಂಗಳಿಂದ ಅವರಿಗೆ ಚಹಾ ಕೊಟ್ಟಿರಲಿಲ್ಲ. ನಿನ್ನಿ ಸಂಜೀಮುಂದ ಅರ್ಧಾ ಕಪ್ ಕೇಳಿದ್ರು. ನಾ ಬೈದು ಮಲಗಿಸ್ದೆ.”

ಆಮೇಲೆ ಯಾರೂ ಕಪ್ಪು ಮುಟ್ಟಲಿಲ್ಲ. ತಂತಮ್ಮ ಥರ್ಮಾಸು ಎತ್ತಿಕೊಂಡು, ತಲೆ ತಗ್ಗಿಸಿ ಹೊರಟೆವು. ಅವರಿಬ್ಬರದರಲ್ಲೂ ಚಹಾ ಅಲುಗಾಡುವ ಸದ್ದು ಕೇಳುತ್ತಿತ್ತು. ನಮ್ಮದು ಪೂರ್ತಿ ಖಾಲಿಯಾಗಿತ್ತು. ಅಂದರೆ ಗೆದ್ದವನು ನಾನೇ.